ಹೊಸಬನ ತಪ್ಪು

ಯಾವ ವಿದ್ಯೆಯಲ್ಲಿಯೇ ಆಗಲಿ, ಹೊಸದಾಗಿ ಬಂದವನು ಮಾಡುವ ತಪ್ಪುಗಳು ಅವನೊಬ್ಬನ ಸೊತ್ತಲ್ಲ. ಅವನಿಗಿಂತ ಮೊದಲು ಬಂದವರೆಲ್ಲರೂ ಮಾಡಿದ, ಇನ್ನು ಬರುವವರೆಲ್ಲರೂ ಮಾಡಲಿರುವ ತಪ್ಪುಗಳೇ ಅವು. ಮೂವತ್ತೈದು ವರ್ಷಗಳ ಕಾಲ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು, ಈಗ ಹೊಳೆನರಸೀಪುರದಲ್ಲಿ ಹೇಮಾವತಿಯ ಗಾಳಿಯನ್ನು ಸೇವಿಸಿಕೊಂಡು ವಿಶ್ರಾಂತನಾಗಿರುವ ನನಗೆ ಈ ವಿಷಯದಲ್ಲಿ ಲೇಶವೂ ಸಂಶಯವಿಲ್ಲ. ರಾಮಶಬ್ದವನ್ನು ಕಲಿಯಲು ಕುಳಿತ ಬಾಲಕನು ತೃತೀಯಾ ವಿಭಕ್ತಿಯ ಏಕವಚನಕ್ಕೆ ಬಂದಾಗ 'ರಾಮೇಣ' ಎನ್ನಬೇಕಾದಲ್ಲಿ 'ರಾಮೇನ' ಎಂದು ಬರೆಯುವನು. ಅವನ ತಂದೆಯೂ ಅದೇ ಬೆಂಚಿನಲ್ಲಿ ಕುಳಿತು ಹಾಗೆಯೇ ಬರೆದಿದ್ದನು. ಇಬ್ಬರನ್ನೂ ತಿದ್ದುವ ಯೋಗ ನನಗೆ ಒದಗಿತ್ತು. ತಪ್ಪುಗಳಿಗೂ ಒಂದು ವಂಶಪರಂಪರೆಯಿರುವುದೆಂದು ಉಪಾಧ್ಯಾಯರಾದವರೆಲ್ಲರೂ ಬಲ್ಲರು.

ಇಂತಹ ತಪ್ಪುಗಳ ಮಾಲೆಯೊಂದನ್ನು ಕಳೆದ ಒಂದು ವರ್ಷದಿಂದ ನಾನು ವಿಲಕ್ಷಣವಾದ ಸ್ಥಳವೊಂದರಲ್ಲಿ ನೋಡುತ್ತಿರುವೆನು. ಅದು ತರುಣರು ಗಣಕಯಂತ್ರದ ಮುಂದೆ ಕುಳಿತು, ಕಿವಿಗೆ ಶ್ರವಣಯಂತ್ರವನ್ನು ಧರಿಸಿ ಆಡುವ ಯುದ್ಧದ ಆಟ. ಯುದ್ಧದ ಆಟವೆಂದೊಡನೆ ವಾಚಕರಿಗೆ ಪಬ್‌ಜಿಯ ಹೆಸರು ನೆನಪಾಗಬಹುದು. ಆ ಆಟದ ಮೊಬೈಲ್ ರೂಪವನ್ನು 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವು ಇತರ 117 ಆ್ಯಪ್‌ಗಳೊಡನೆ ನಿಷೇಧಿಸಿತು. 2021ರ ಜುಲೈ ತಿಂಗಳಲ್ಲಿ ಅದು ಬೇರೆ ಹೆಸರನ್ನು ಧರಿಸಿ ಮರಳಿತು. 2022ರಲ್ಲಿ ಪುನಃ ಅದೃಶ್ಯವಾಗಿ 2023ರ ಮೇ ತಿಂಗಳಲ್ಲಿ ಪುನಃ ಅವತರಿಸಿತು. ವಿರಾಟನಗರದ ಅಜ್ಞಾತವಾಸದಲ್ಲಿದ್ದವರೂ ಇಷ್ಟು ಸಲ ವೇಷವನ್ನು ಬದಲಿಸಲಿಲ್ಲ! ಆದರೆ ನಾನು ಹೇಳಹೊರಟಿರುವುದು ಅದರ ವಿಚಾರವನ್ನಲ್ಲ. ಅದಕ್ಕಿಂತ ನಿಧಾನವಾದ, ನಿಜಕ್ಕೆ ಹೆಚ್ಚು ಹತ್ತಿರವಾದ 'ಸ್ಕ್ವಾಡ್' ಎಂಬ ಇನ್ನೊಂದು ಆಟದ ವಿಚಾರವನ್ನು. ಕೆನಡಾ ದೇಶದ ಆಫ್‌ವರ್ಲ್ಡ್ ಇಂಡಸ್ಟ್ರೀಸ್ ಎಂಬವರು ರಚಿಸಿದ ಈ ಆಟವು 2015ರಲ್ಲಿ ಅಪೂರ್ಣ ರೂಪದಲ್ಲಿ ಮಾರಾಟಕ್ಕೆ ಬಂದು 2020ರ ಸೆಪ್ಟೆಂಬರ್‌ನಲ್ಲಿ ಪೂರ್ಣಗೊಂಡಿತು.

ಇದರ ಕ್ರಮವನ್ನು ಸಂಕ್ಷೇಪವಾಗಿ ತಿಳಿಸುವೆನು. ಪಕ್ಷಗಳು ಎರಡು, ಒಂದೊಂದರಲ್ಲಿ ಸುಮಾರು ಐವತ್ತು ಮಂದಿ. ಆ ಐವತ್ತು ಮಂದಿಯೂ ಒಂಬತ್ತೊಂಬತ್ತರ ತಂಡಗಳಾಗಿ ಒಡೆದಿರುವರು, ತಂಡಕ್ಕೊಬ್ಬ ನಾಯಕ. ಭಾರತದಲ್ಲಿ ಸೇನೆಯ ಅತ್ಯಂತ ಚಿಕ್ಕ ಅಂಗಕ್ಕೆ ಪತ್ತಿಯೆಂದು ಹೆಸರು: ರಥವೊಂದು, ಆನೆಯೊಂದು, ಕುದುರೆ ಮೂರು, ಕಾಲಾಳು ಐದು. ಮೂರು ಪತ್ತಿಗಳು ಸೇರಿದರೆ ಸೇನಾಮುಖ, ಮೂರು ಸೇನಾಮುಖಗಳು ಸೇರಿದರೆ ಗುಲ್ಮ. ಹೀಗೆ ಏರುತ್ತಾ ಏರುತ್ತಾ ಅಕ್ಷೌಹಿಣಿ. ಒಟ್ಟು ಹತ್ತು ಅಂಗಗಳ ಪತ್ತಿಗೂ ಒಂಬತ್ತು ಮಂದಿಯ ಈ ತಂಡಕ್ಕೂ ಇರುವ ಸಾಮೀಪ್ಯವನ್ನು ಕಂಡು ನನಗೆ ಸಂತೋಷವಾಯಿತು. ಮನುಷ್ಯನ ಕೂಗು ಎಷ್ಟು ದೂರ ಕೇಳುವುದೋ, ಒಬ್ಬನ ಗಮನ ಎಷ್ಟು ಮಂದಿಯ ಮೇಲೆ ನಿಲ್ಲುವುದೋ, ಅದನ್ನು ಹಿಂದಿನವರೂ ಇಂದಿನವರೂ ಒಂದೇ ಅಳತೆಯಲ್ಲಿ ಅಳೆದಿರುವರಷ್ಟೆ.

ಉಳಿದ ಯುದ್ಧದಾಟಗಳಿಗೂ ಇದಕ್ಕೂ ಇರುವ ಭೇದ ಮುಖ್ಯವಾಗಿ ಇದು. ಶತ್ರುವು ಎಲ್ಲಿರುವನೆಂದು ಯಂತ್ರವು ಸೂಚಿಸುವುದಿಲ್ಲ. ಹೊಡೆದ ಗುಂಡು ತಗುಲಿತೋ ಇಲ್ಲವೋ ಎಂಬುದನ್ನೂ ಹೇಳುವುದಿಲ್ಲ. ಓಡಿದವನಿಗೆ ಏದುಸಿರು ಬರುವುದು. ಏದುಸಿರು ಬಂದವನ ಕೈ ನಡುಗುವುದು. ಕೈ ನಡುಗಿದವನ ಗುರಿ ತಪ್ಪುವುದು. 2023ರಲ್ಲಿ ಮಾಡಿದ ಪರಿಷ್ಕರಣದಿಂದ ಈ ನಡುಕವು ಇನ್ನೂ ಹೆಚ್ಚಾಯಿತಂತೆ. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಗುಂಡು ತನ್ನವನನ್ನೂ ಕೊಲ್ಲುವುದು. ಆದುದರಿಂದ ಇಲ್ಲಿ ಕೈಚಳಕಕ್ಕಿಂತ ತಾಳ್ಮೆಯೂ ಮಾತೂ ಹೆಚ್ಚು ಬೆಲೆಯುಳ್ಳವು.

ನಮ್ಮ ಕುಟುಂಬವು ನಾಲ್ಕು ಊರುಗಳಲ್ಲಿ ಹಂಚಿಹೋಗಿದೆ. ನಾನು ಹೊಳೆನರಸೀಪುರದಲ್ಲಿ, ಅಣ್ಣನವರು ಹಾಸನದಲ್ಲಿ, ತಮ್ಮನು ಚನ್ನರಾಯಪಟ್ಟಣದಲ್ಲಿ ತೆಂಗಿನ ತೋಟವನ್ನು ನೋಡಿಕೊಂಡಿರುವನು, ತಂಗಿಯನ್ನು ಕೊಟ್ಟಿರುವುದು ಅರಕಲಗೂಡಿಗೆ. ಹಿರಿಯರಾದ ನಾವು ಕೂಡುವುದು ಮದುವೆಯಲ್ಲಿ ಅಥವಾ ಶ್ರಾದ್ಧದಲ್ಲಿ. ಕೂಡಿದಾಗಲೂ ಮಾತು ಮಳೆ, ಬೆಲೆ, ಮೊಣಕಾಲುನೋವುಗಳನ್ನು ದಾಟುವುದಿಲ್ಲ. ಮಕ್ಕಳ ವಿಚಾರ ಹಾಗಲ್ಲ. ನನ್ನ ಕಿರಿಯ ಮಗ, ಅಣ್ಣನ ಮಗ, ತಮ್ಮನ ಮಗಳು, ಈ ಮೂವರೂ ರಾತ್ರಿ ಒಂಬತ್ತಕ್ಕೆ ತಂತಮ್ಮ ಮನೆಗಳಲ್ಲಿ ಕುಳಿತು ಒಂದೇ ತಂಡವಾಗಿ ಸೇರುವರು. ಉಳಿದ ಸ್ಥಾನಗಳಿಗೆ ಯಾವ ಯಾವ ದೇಶದವರೋ ಬಂದು ಸೇರುವರು. ಮೂವರಲ್ಲಿ ಗುರಿಗಾರಳೆಂದು ಹೆಸರು ಪಡೆದವಳು ಚನ್ನರಾಯಪಟ್ಟಣದ ಹುಡುಗಿ. ಅವಳ ಗುಟ್ಟೇನೆಂದು ಕೇಳಿದರೆ, 'ದೊಡ್ಡಪ್ಪ, ನಾನು ಹೆಚ್ಚು ಹೊಡೆಯುವುದಿಲ್ಲ' ಎನ್ನುವಳು.

ಕಳೆದ ವರ್ಷ ಈ ಮೂವರ ಜೊತೆಗೆ ನಾಲ್ಕನೆಯವನಾಗಿ ಅರಕಲಗೂಡಿನ ಸೋದರಳಿಯನು ಬಂದನು. ವಯಸ್ಸು ಹದಿನೆಂಟು, ಆಟಕ್ಕೆ ಹೊಸಬ. ನನ್ನ ಮಗನ ಹಿಂದೆ ಕುರ್ಚಿಯನ್ನು ಹಾಕಿಕೊಂಡು ಕುಳಿತು ನಾನು ನೋಡಿದ ತಪ್ಪುಗಳು ಬಹುಮಟ್ಟಿಗೆ ಅವನವು. ಆದರೆ ಮೊದಲೇ ಹೇಳಿದಂತೆ ಅವು ಅವನೊಬ್ಬನವಲ್ಲ.

ಮೊದಲನೆಯದು, ಓಡುವುದು. ಹೊಸಬನಿಗೆ ಯುದ್ಧವೆಂದರೆ ಓಟ. ಬಯಲಿನ ನಡುವೆ, ದಿಣ್ಣೆಯ ನೆತ್ತಿಯ ಮೇಲೆ, ಆಕಾಶಕ್ಕೆ ತನ್ನ ಆಕೃತಿಯನ್ನು ಬರೆದುಕೊಟ್ಟಂತೆ ಓಡುವನು. ತಂಡವು ನೂರು ಗಜ ಹಿಂದೆ ಉಳಿದಿರುವುದು. ಎಲ್ಲಿಂದಲೋ ಒಂದು ಗುಂಡು ಬರುವುದು, ಆಟ ಮುಗಿಯುವುದು. ಇದನ್ನು ನೋಡಿದಾಗಲೆಲ್ಲಾ ನನಗೆ ಅಭಿಮನ್ಯುವಿನ ನೆನಪಾಗುವುದು. ನಮ್ಮ ಜಿಲ್ಲೆಯ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಚಕ್ರವ್ಯೂಹದ ಶಿಲ್ಪವೊಂದಿದೆ. ಸುತ್ತಿ ಸುತ್ತಿ ಒಳಕ್ಕೆ ಹೋಗುವ ಸೈನ್ಯದ ಸಾಲುಗಳ ನಡುವೆ ಆ ಬಾಲಕನ ಯುದ್ಧವನ್ನು ಶಿಲ್ಪಿಯು ಕಡೆದಿರುವನು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅದನ್ನು ನೋಡಲು ದೂರದೇಶಗಳಿಂದಲೂ ಜನರು ಬರುತ್ತಿರುವರು. ಅಭಿಮನ್ಯುವಿಗೆ ಒಳಹೋಗುವ ದಾರಿ ತಿಳಿದಿತ್ತು, ಹೊರಬರುವ ದಾರಿ ತಿಳಿದಿರಲಿಲ್ಲವೆಂದು ಎಲ್ಲರೂ ಹೇಳುವರು. ಆದರೆ ಕಥೆಯ ಇನ್ನರ್ಧವನ್ನು ಮರೆಯಬಾರದು. ಅವನು ತನಗೆ ತಿಳಿಯದುದನ್ನು ಮುಂಚಿತವಾಗಿಯೇ ಹೇಳಿದ್ದನು. 'ನೀನು ದಾರಿ ಮಾಡು, ನಾವು ಹಿಂದೆಯೇ ಬರುವೆವು' ಎಂದವರು ಹಿರಿಯರು. ಜಯದ್ರಥನು ಬಾಗಿಲಲ್ಲಿ ನಿಂತನು. ಹಿರಿಯರು ಹೊರಗೇ ಉಳಿದರು. ಹೊಸಬನು ಒಂಟಿಯಾಗಿ ಮುಂದೆ ಹೋದನೆಂದರೆ ತಪ್ಪು ಅವನದು ಎಷ್ಟೋ, ಹಿಂದೆ ಉಳಿದವರದೂ ಅಷ್ಟು.

ಎರಡನೆಯದು, ಸದ್ದಿಗೆ ಹೊಡೆಯುವುದು. ಪೊದೆಯ ಹಿಂದೆ ಹೆಜ್ಜೆಯ ಸಪ್ಪಳವಾದೊಡನೆ ಹೊಸಬನು ಕುದುರೆಯನ್ನು ಒತ್ತುವನು. ವಾಚಕರು ಕ್ಷಮಿಸಬೇಕು, ಬಂದೂಕಿನ ಆ ಅಂಗಕ್ಕೆ ಕುದುರೆಯೆಂದೇ ಹೆಸರು. ಬಿದ್ದವನು ತನ್ನ ತಂಡದವನೇ. ಈ ತಪ್ಪಿಗೆ ಆದಿಪುರುಷನು ದಶರಥ ಮಹಾರಾಜನು. ಯುವರಾಜನಾಗಿದ್ದಾಗ ಶಬ್ದವೇಧಿಯೆಂಬ ವಿದ್ಯೆಯ ಗರ್ವದಿಂದ ಸರಯೂತೀರದ ಕತ್ತಲೆಯಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣವನ್ನು ಬಿಟ್ಟನು. ಕುರುಡರಾದ ತಂದೆತಾಯಿಗಳಿಗೆ ನೀರನ್ನು ತರಲು ಬಂದ ಮುನಿಕುಮಾರನು ಬಿದ್ದನು. ಆ ಬಾಣವು ಮುನಿಕುಮಾರನಲ್ಲಿಗೇ ನಿಲ್ಲದೆ ಎಷ್ಟೋ ವರ್ಷಗಳ ಮೇಲೆ ಪುತ್ರಶೋಕವಾಗಿ ಬಂದು ಅವನಿಗೇ ತಗುಲಿತು. ಈ ಆಟದಲ್ಲಿ ನಕ್ಷೆಯನ್ನು ತೆರೆದು ನೋಡಿದರೆ ತನ್ನವರು ಎಲ್ಲೆಲ್ಲಿರುವರೆಂಬುದು ಕಾಣುವುದು. ಅದಕ್ಕೆ ಎರಡು ಕ್ಷಣ ಬೇಕು. ಆ ಎರಡು ಕ್ಷಣವನ್ನು ಉಳಿಸಹೋಗಿ ಹೊಸಬನು ಸ್ನೇಹಿತನನ್ನು ಕಳೆದುಕೊಳ್ಳುವನು.

ಮೂರನೆಯದು ನನ್ನಂತಹ ವ್ಯಾಕರಣದವನಿಗೆ ಅತ್ಯಂತ ಪ್ರಿಯವಾದುದು. ಶತ್ರುವನ್ನು ಕಂಡ ಹೊಸಬನು 'ಅಲ್ಲಿ! ಅಲ್ಲಿ! ಅವನು ಅಲ್ಲಿ!' ಎಂದು ಕೂಗುವನು. ಎಲ್ಲಿ? ಯಾರು? ಮಾತಾಡುವವನ ಬೆರಳು ಕೇಳುವವನಿಗೆ ಕಾಣದು. ಅವನು ಅರಕಲಗೂಡಿನಲ್ಲಿ, ಇವನು ಹೊಳೆನರಸೀಪುರದಲ್ಲಿ. ಸರ್ವನಾಮವು ನಾಮವನ್ನು ಹಿಂದಿಟ್ಟುಕೊಂಡು ಬರಬೇಕೆಂದು ಮಕ್ಕಳಿಗೆ ಎಷ್ಟು ವರ್ಷ ಹೇಳಿದರೂ ಪ್ರಬಂಧದಲ್ಲಿ ಅವರು 'ಅವನು ಅದನ್ನು ಅಲ್ಲಿ ಇಟ್ಟನು' ಎಂದು ಬರೆಯುವುದನ್ನು ಬಿಡಲಿಲ್ಲ. ಆಗ ಹೋಗುತ್ತಿದ್ದುದು ಅರ್ಧ ಅಂಕ. ಇಲ್ಲಿ ಹೋಗುವುದು ಪ್ರಾಣ. ಪಳಗಿದವರು ತೆರೆಯ ಕೆಳಗಡೆ ಕಾಣುವ ದಿಕ್ಸೂಚಿಯನ್ನು ನೋಡಿ ಅಂಶಗಳ ಸಂಖ್ಯೆಯನ್ನು ಹೇಳುವರು, ಬಳಿಕ ದೂರವನ್ನು ಹೇಳುವರು, ಬಳಿಕ ಕಂಡದ್ದು ಏನೆಂಬುದನ್ನು ಹೇಳುವರು. 'ತೊಂಬತ್ತು, ಇನ್ನೂರು ಗಜ, ಗೋಡೆಯ ಹಿಂದೆ ಇಬ್ಬರು.' ಇಷ್ಟೇ. ವಿಶೇಷಣಗಳಿಲ್ಲ, ಉದ್ಗಾರಗಳಿಲ್ಲ. ಒಳ್ಳೆಯ ಗದ್ಯದ ಲಕ್ಷಣವೇ ಇದು.

ನಾಲ್ಕನೆಯದು ಕರುಣೆಯ ತಪ್ಪು. ಸಂಗಡಿಗನೊಬ್ಬನು ಗಾಯಗೊಂಡು ಬಿದ್ದನೆಂದರೆ ಹೊಸಬನು ಹಿಂದುಮುಂದು ನೋಡದೆ ಅವನ ಬಳಿಗೆ ಧಾವಿಸುವನು. ಅವನನ್ನು ಬೀಳಿಸಿದವನು ಇನ್ನೂ ಅದೇ ಸ್ಥಳಕ್ಕೆ ಗುರಿಯಿಟ್ಟುಕೊಂಡಿರುವನೆಂಬುದು ಹೊಸಬನಿಗೆ ಹೊಳೆಯದು. ಒಬ್ಬನ ಪಕ್ಕದಲ್ಲಿ ಇನ್ನೊಬ್ಬ, ಇಬ್ಬರ ಪಕ್ಕದಲ್ಲಿ ಮೂರನೆಯವ, ಹೀಗೆ ಒಂದು ಸಾಲೇ ಮಲಗುವುದು. ಬಾವಿಗೆ ಬಿದ್ದವನನ್ನು ಎತ್ತಲು ಈಜು ಬಾರದವನು ಹಾರಿದಂತೆ. ಬಲ್ಲವರು ಮೊದಲು ಹೊಗೆಯ ಗುಂಡನ್ನು ಎಸೆದು ಮರೆಮಾಡಿಕೊಳ್ಳುವರು, ಶತ್ರುವಿದ್ದ ದಿಕ್ಕಿಗೆ ಒಬ್ಬನನ್ನು ಕಾವಲಿಡುವರು, ಆಮೇಲೆ ಬಳಿಗೆ ಹೋಗಿ ಗಾಯವನ್ನು ಕಟ್ಟುವರು. ದಯೆಗೂ ಒಂದು ಕ್ರಮವಿರಬೇಕೆಂಬುದನ್ನು ಎಷ್ಟೋ ಮನೆಗಳಲ್ಲಿ ಹಿರಿಯರೂ ಕಲಿತಿಲ್ಲ.

ಐದನೆಯದು, ಮೊದಲನೆಯ ದಿನವೇ ಗಾಂಡೀವವನ್ನು ಬೇಡುವುದು. ತಂಡದಲ್ಲಿ ವೈದ್ಯನಿರಬೇಕು, ಮದ್ದುಗುಂಡು ಹೊರುವವನಿರಬೇಕು, ಸಾಮಾನ್ಯ ಬಂದೂಕಿನವನಿರಬೇಕು. ಹೊಸಬನಿಗೆ ಬೇಕಾದುದು ದೂರದರ್ಶಕವುಳ್ಳ ಬಂದೂಕು ಅಥವಾ ರಥವನ್ನು ಒಡೆಯುವ ಅಸ್ತ್ರ. ಅವನು ಅದನ್ನು ಹಿಡಿದು ಒಂದು ಗುಡ್ಡದ ಮೇಲೆ ಒಂಟಿಯಾಗಿ ಕುಳಿತಿರುವಾಗ ಕೆಳಗೆ ತಂಡಕ್ಕೆ ತಂಡವೇ ಒಬ್ಬ ವೈದ್ಯನಿಲ್ಲದೆ ನೆಲಕ್ಕೆ ಬಿದ್ದಿರುವುದು.

ಆರನೆಯದೇ ನನ್ನ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿದುದು. ಗಾಯಗೊಂಡು ಬಿದ್ದವನಿಗೆ ಈ ಆಟದಲ್ಲಿ ಕೂಡಲೇ ಮರಣವಿಲ್ಲ. ತೆರೆಯು ಕಪ್ಪಾಗುವುದು, ಸಂಗಡಿಗರ ಧ್ವನಿ ಮಾತ್ರ ಕೇಳುತ್ತಿರುವುದು. ಯಾರಾದರೂ ಬಂದು ಎಬ್ಬಿಸುವವರೆಗೆ ಅವನು ಕಾಯಬಹುದು. ಕಾಯಲೊಲ್ಲದವನಿಗೆ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ 'ನಾನು ಕೈಬಿಟ್ಟೆನು' ಎಂದರ್ಥ. ಆಗ ಅವನು ಸತ್ತು, ಸ್ವಲ್ಪ ಹೊತ್ತಿನ ಮೇಲೆ ಬೇರೆಡೆಯಲ್ಲಿ ಹುಟ್ಟುವನು. ಆದರೆ ಅವನ ಪಕ್ಷದ ಬಲದ ಲೆಕ್ಕದಲ್ಲಿ ಒಂದು ಕಳೆಯುವುದು. ಎಬ್ಬಿಸಿಕೊಂಡವನಿಂದ ಹಾಗೆ ಕಳೆಯುವುದಿಲ್ಲ. ಹೊಸಬರೆಲ್ಲರೂ ಬಿದ್ದೊಡನೆ ಆ ಗುಂಡಿಯನ್ನು ಒತ್ತುವರು. ಸಂಗಡಿಗನು ಹತ್ತು ಹೆಜ್ಜೆ ದೂರದಲ್ಲಿ ತೆವಳಿಕೊಂಡು ಬರುತ್ತಿದ್ದರೂ ಒತ್ತುವರು. ಕತ್ತಲೆಯಲ್ಲಿ ಮಲಗಿ ಇತರರನ್ನು ನಂಬುವುದು ಹೊಡೆಯುವುದಕ್ಕಿಂತ ಕಷ್ಟವಾದ ವಿದ್ಯೆ.

ಈಗ ಸೋದರಳಿಯನ ವಿಚಾರಕ್ಕೆ ಬರುವೆನು. ಈ ಆರು ತಪ್ಪುಗಳನ್ನೂ ಅವನು ಮಾಡಿದನು, ಎಲ್ಲರೂ ಮಾಡುವರು. ಆದರೆ ಅವನಲ್ಲಿ ಏಳನೆಯದೊಂದು ಇತ್ತು: ಅವನು ಮಾತನ್ನೇ ಆಡುತ್ತಿರಲಿಲ್ಲ. ಶತ್ರುವನ್ನು ಕಂಡರೂ ಸುಮ್ಮನಿರುವನು. ತಂಡದಲ್ಲಿದ್ದ ಅಪರಿಚಿತನೊಬ್ಬನು ಒಂದು ರಾತ್ರಿ ಅವನನ್ನು ಕೆಟ್ಟ ಮಾತುಗಳಿಂದ ಬೈದು, ಬಾಯಿಲ್ಲದವನಿಗೆ ಇಲ್ಲಿ ಏನು ಕೆಲಸವೆಂದು ಕೇಳಿದನು. ಸಂಗತಿಯೇನೆಂದರೆ ನಮ್ಮ ಹುಡುಗನು ಹುಟ್ಟಿದಂದಿನಿಂದ ಉಗ್ಗುವವನು. ನಿಧಾನವಾಗಿ ಹೇಳಲು ಅವಕಾಶವಿದ್ದರೆ ಹೇಗೋ ಹೇಳಿಯಾನು. ಗುಂಡು ಹಾರುತ್ತಿರುವಾಗ ಮೊದಲನೆಯ ಅಕ್ಷರದ ಬಾಗಿಲಲ್ಲಿಯೇ ಜಯದ್ರಥನು ನಿಂತುಬಿಡುವನು. ಮರುದಿನದಿಂದ ಅವನು ಆಟಕ್ಕೆ ಬರಲಿಲ್ಲ. ಮೂರು ದಿನಗಳಾದ ಮೇಲೆ ನನ್ನ ತಂಗಿಯು ದೂರವಾಣಿಯಲ್ಲಿ, 'ಅವನು ಊಟಕ್ಕೂ ಸರಿಯಾಗಿ ಬರುತ್ತಿಲ್ಲ ಅಣ್ಣ, ಕಾಲೇಜಿಗೂ ಹೋಗಲಾರೆನೆನ್ನುವನು. ಅಲ್ಲಿಯೂ ಎದ್ದು ನಿಂತು ಮಾತಾಡಬೇಕಲ್ಲ ಎನ್ನುವನು' ಎಂದಳು. ಆಟದ ಗುಂಡಿಯು ಆಟದಲ್ಲಿಯೇ ಉಳಿಯಲಿಲ್ಲ. ಹುಡುಗನು ಅದನ್ನು ಮನೆಯಲ್ಲಿಯೂ ಒತ್ತಲು ತೊಡಗಿದ್ದನು.

ಉಗ್ಗುವವರ ವಿಷಯದಲ್ಲಿ ಉಪಾಧ್ಯಾಯರು ಗಮನಿಸಿರುವ ಸಂಗತಿಯೊಂದಿದೆ. ಮಾತಾಡುವಾಗ ತಡವರಿಸುವ ಅನೇಕರು ಹಾಡುವಾಗ, ಹತ್ತು ಮಂದಿಯೊಡನೆ ಒಟ್ಟಾಗಿ ಶ್ಲೋಕವನ್ನು ಹೇಳುವಾಗ, ತಡವರಿಸುವುದಿಲ್ಲ. ಈ ಹುಡುಗನು ಬಾಲ್ಯದಲ್ಲಿ ಬೇಸಗೆಯ ರಜೆಗೆಂದು ಬಂದಾಗ ನನ್ನ ಬಳಿ ಅಮರಕೋಶವನ್ನು ನಿರರ್ಗಳವಾಗಿ ಹೇಳುತ್ತಿದ್ದನು. ಆದುದರಿಂದ ಅವನ ನಾಲಗೆಗೆ ಶಕ್ತಿಯಿಲ್ಲವೆಂಬ ಮಾತು ಸುಳ್ಳು. ನಾನು ಅರಕಲಗೂಡಿನ ಬಸ್ಸನ್ನು ಹತ್ತಿದೆನು. ಉಪದೇಶವನ್ನೇನೂ ಮಾಡಲಿಲ್ಲ. ಪಾಣಿನಿಯು ಹದಿನಾಲ್ಕು ಮಾಹೇಶ್ವರಸೂತ್ರಗಳನ್ನು ಮುಂದಿಟ್ಟುಕೊಂಡು ಪ್ರತ್ಯಾಹಾರಗಳನ್ನು ಮಾಡಿದ ಕ್ರಮವನ್ನು ಅವನಿಗೆ ಜ್ಞಾಪಿಸಿದೆನು. 'ಅಚ್' ಎಂದರೆ ಸಮಸ್ತ ಸ್ವರಗಳು. 'ಹಲ್' ಎಂದರೆ ಸಮಸ್ತ ವ್ಯಂಜನಗಳು. ಒಂದು ಅಕ್ಷರಗುಚ್ಛದಲ್ಲಿ ಒಂದು ಸಮುದಾಯವೇ ಅಡಗಿರುವುದು. ಅಷ್ಟು ದೊಡ್ಡ ಭಾಷೆಯನ್ನೇ ಹೀಗೆ ಕುಗ್ಗಿಸಬಹುದಾದರೆ, ಒಂದು ಗುಡ್ಡದ ಹಿಂದಿರುವ ನಾಲ್ಕು ಮಂದಿ ಶತ್ರುಗಳನ್ನು ಕುಗ್ಗಿಸಲಾಗದೆ? ನಿನ್ನ ನಾಲಗೆಗೆ ಅಡ್ಡಿಮಾಡದ ಧ್ವನಿಗಳನ್ನು ನೀನೇ ಆರಿಸಿಕೋ, ಉಳಿದ ಮೂವರು ಅವನ್ನು ಕಲಿಯಲಿ ಎಂದೆನು.

ಅವನು ಆರಿಸಿಕೊಂಡನು. ಅವನಿಗೆ ಸ್ವರಗಳು ಸುಲಭ, ಸ್ಪರ್ಶಾಕ್ಷರಗಳು ಕಷ್ಟ. 'ಆ' ಎಂದರೆ ಕಾಲಾಳು; 'ಈ' ಎಂದರೆ ವಾಹನ; 'ಊ' ಎಂದರೆ ಹೊಗೆಯನ್ನು ಎಸೆಯಿರಿ; 'ಏ' ಎಂದರೆ ಹಿಂದಕ್ಕೆ ಸರಿಯಿರಿ. ದಿಕ್ಕಿಗೆ ಎಂಟು ಭಾಗಗಳು. ಅವನ್ನು ಸಂಗೀತದ ಸ್ವರಗಳಂತೆ ಏರಿಸಿ ಇಳಿಸಿ ಹೇಳುವನು. ಮೂವರು ಸೋದರಸಂಬಂಧಿಗಳೂ ಎರಡು ದಿನಗಳಲ್ಲಿ ಈ ಹೊಸ ಶಿಕ್ಷಾಶಾಸ್ತ್ರವನ್ನು ಕಂಠಪಾಠ ಮಾಡಿದರು. ಪರದೇಶದ ಸಂಗಡಿಗರು ಮೊದಲು ನಕ್ಕರು. ಆದರೆ ಸುದ್ದಿಯು ಉಳಿದವರ ಸುದ್ದಿಗಿಂತ ಬೇಗನೆ ಬರುವುದೆಂದು ಕಂಡಾಗ ಅವರಲ್ಲಿ ಇಬ್ಬರು 'ಊ' ಎಂದು ಕೂಗಲು ಕಲಿತರು. ಹುಡುಗನ ಉಗ್ಗು ವಾಸಿಯಾಯಿತೆಂದು ವಾಚಕರು ಭಾವಿಸಬಾರದು. ಅದು ಇದ್ದಂತೆಯೇ ಇದೆ. ಅವನು ಕಾಲೇಜಿಗೆ ಹೋಗುತ್ತಿರುವನು. ಹಾಸನದಲ್ಲಿ ವಾಕ್ಚಿಕಿತ್ಸೆಯನ್ನು ಬಲ್ಲವರೊಬ್ಬರ ಬಳಿ ಹದಿನೈದು ದಿನಗಳಿಗೊಮ್ಮೆ ಅಭ್ಯಾಸವನ್ನೂ ಮಾಡುತ್ತಿರುವನು.

ಹೊಸಬನನ್ನು ಹೇಗೆ ನಡೆಸಿಕೊಳ್ಳಬೇಕೆಂಬುದಕ್ಕೆ ಭಾರತದಲ್ಲಿ ನಾನು ಕಂಡ ಅತ್ಯುತ್ತಮವಾದ ಪಾಠವು ವಿರಾಟಪರ್ವದ ಉತ್ತರಕುಮಾರನದು. ಹೆಂಗಸರ ಮುಂದೆ ಜಂಬವನ್ನು ಕೊಚ್ಚಿ, ಕೌರವಸೈನ್ಯವನ್ನು ಕಂಡೊಡನೆ ರಥದಿಂದ ಹಾರಿ ಓಡಿದವನೆಂದು ಅವನನ್ನು ಕಂಡರೆ ನಮಗೆಲ್ಲಾ ನಗು. ಪುಕ್ಕಲನಿಗೆ 'ಉತ್ತರಕುಮಾರ'ನೆಂಬ ಹೆಸರು ಕನ್ನಡದಲ್ಲಿ ಬೈಗುಳವಾಗಿಯೇ ನಿಂತಿದೆ. ಆದರೆ ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನನು ಮಾಡಿದುದೇನು? ಓಡಿದವನನ್ನು ಅಟ್ಟಿ ಹಿಡಿದು ತಂದನು. ಹೊಡೆಯಲಿಲ್ಲ, ಮನೆಗೂ ಅಟ್ಟಲಿಲ್ಲ. 'ನೀನು ಯುದ್ಧ ಮಾಡಬೇಡ. ಕುದುರೆಗಳನ್ನು ನಡೆಸು, ಯುದ್ಧವನ್ನು ನಾನು ಮಾಡುವೆನು' ಎಂಬ ಏರ್ಪಾಡು ಮಾಡಿದನು. ಹೊಸಬನ ಕೈಗೆ ಅವನು ಮಾಡಬಲ್ಲ ಕೆಲಸವನ್ನು ಕೊಟ್ಟು, ಅದೇ ರಥದಲ್ಲಿ ಕೂರಿಸಿಕೊಂಡು, ಯುದ್ಧವು ಹೇಗಿರುವುದೆಂದು ತೋರಿಸಿದನು. ಅದರ ಫಲವೇನಾಯಿತೆಂದು ನಗುವವರು ಕೇಳುವುದಿಲ್ಲ. ಕುರುಕ್ಷೇತ್ರದ ಮೊದಲನೆಯ ದಿನವೇ ಆನೆಯನ್ನೇರಿ ಮದ್ರರಾಜನಾದ ಶಲ್ಯನನ್ನು ಎದುರಿಸಿ ಹೋರಾಡಿ ಮಡಿದವನು ಅದೇ ಉತ್ತರನು. ಅಂದು ಅವನು ಬೆನ್ನು ತೋರಿಸಲಿಲ್ಲ.

ಮಡಿದನೆಂಬ ಮಾತು ಬಂದುದರಿಂದ ಒಂದು ವಿಚಾರವನ್ನು ಸ್ಪಷ್ಟಪಡಿಸಬೇಕು. ಆಟವು ಯುದ್ಧವಲ್ಲ. ನಮ್ಮ ಜಿಲ್ಲೆಯ ಊರೂರಿನಲ್ಲಿಯೂ ವೀರಗಲ್ಲುಗಳು ನಿಂತಿವೆ. ಅವುಗಳಲ್ಲಿ ಅನೇಕವು ಮೂರು ಹಂತಗಳುಳ್ಳವು: ಕೆಳಗಡೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಸುಮಾರು ಕ್ರಿ.ಶ. 450ರದೆಂದು ಹೇಳುವ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವೂ ಯುದ್ಧದಲ್ಲಿ ಪರಾಕ್ರಮವನ್ನು ತೋರಿಸಿದ ವಿಜಅರಸನಿಗೆ ಕೊಟ್ಟ ದತ್ತಿಯನ್ನೇ ಹೇಳುವುದು. ಕಲ್ಲಿನಲ್ಲಿ ನಿಂತವರು ಯಾರೂ ಸ್ವಲ್ಪ ಹೊತ್ತಿನ ಮೇಲೆ ಬೇರೆಡೆಯಲ್ಲಿ ಎದ್ದು ಬರಲಿಲ್ಲ. ಸೈನ್ಯದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ರಜೆಯಲ್ಲಿ ಬಂದಿದ್ದಾಗ ಮಕ್ಕಳ ಹಿಂದೆ ನಿಂತು ಒಂದು ಗಂಟೆ ಈ ಆಟವನ್ನು ನೋಡಿದನು. ಹೇಗಿದೆಯೆಂದು ಕೇಳಿದೆನು. 'ಎಲ್ಲಾ ಸರಿಯಾಗಿದೆ ಮೇಷ್ಟ್ರೇ. ಭಾರವೊಂದಿಲ್ಲ' ಎಂದನು. ಯಾವ ಭಾರವೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಕ್ಕಳು ಆ ರಾತ್ರಿ ಒಂದು ಗಂಟೆ ಮೊದಲೇ ಯಂತ್ರವನ್ನು ಆರಿಸಿದರು.

ಭಾರವಿಲ್ಲದಿರುವುದೇ ಆಟದ ದೋಷವೂ ಹೌದು, ಗುಣವೂ ಹೌದು. ಲೋಕದಲ್ಲಿ ಕೆಲವು ತಪ್ಪುಗಳಿಗೆ ಎರಡನೆಯ ಅವಕಾಶವಿಲ್ಲ. ಇಂದ್ರನನ್ನು ಕೊಲ್ಲುವ ಮಗನು ಬೇಕೆಂದು ಹೋಮ ಮಾಡಿದ ತ್ವಷ್ಟೃವು 'ಇಂದ್ರಶತ್ರು' ಎಂಬ ಒಂದು ಪದದಲ್ಲಿ ಸ್ವರವನ್ನು ತಪ್ಪಿದನು. ಇಂದ್ರನನ್ನು ಕೊಲ್ಲುವವನು ಎಂಬ ಅರ್ಥವು ಹೋಗಿ ಇಂದ್ರನೇ ಕೊಲ್ಲುವವನಾಗಿ ಉಳ್ಳವನು ಎಂಬ ಅರ್ಥ ಬಂದಿತು, ವೃತ್ರನು ಹತನಾದನು. ಯಜ್ಞಶಾಲೆಯಲ್ಲಿ ಹೀಗೆ. ಆದುದರಿಂದಲೇ ಯಜ್ಞಶಾಲೆಗೆ ಮೊದಲು ಪಾಠಶಾಲೆಯೆಂಬುದನ್ನು ಹಿರಿಯರು ಇಟ್ಟರು. ಪಾಠಶಾಲೆಯೆಂದರೆ ತಪ್ಪಿನ ಬೆಲೆಯನ್ನು ಇಳಿಸಿದ ಸ್ಥಳ. ಅಲ್ಲಿ 'ರಾಮೇನ' ಎಂದವನ ಮೇಲೆ ವಜ್ರಾಯುಧವು ಬೀಳುವುದಿಲ್ಲ. ಕೆಂಪು ಮಸಿಯು ಬೀಳುವುದು. ಓಡಬಾರದೆಂಬುದನ್ನೂ, ನೋಡದೆ ಹೊಡೆಯಬಾರದೆಂಬುದನ್ನೂ, ಕಂಡುದನ್ನು ಸ್ಪಷ್ಟವಾಗಿ ಹೇಳಬೇಕೆಂಬುದನ್ನೂ ಒಬ್ಬ ತರುಣನು ಯಾರ ರಕ್ತವೂ ಸುರಿಯದ ಸ್ಥಳದಲ್ಲಿ ಕಲಿಯುವನಾದರೆ ಅದು ನಷ್ಟವೆಂದು ನಾನು ಹೇಳಲಾರೆನು.

ಹಾಗೆಂದ ಮಾತ್ರಕ್ಕೆ ಗೃಹಸ್ಥರು ಬಾಗಿಲನ್ನು ತೆರೆದಿಟ್ಟು ಮಲಗಬೇಕೆಂದಲ್ಲ. ಆಟದಲ್ಲಿ ಪ್ರಾಣವು ಮರಳಿ ಬರುವುದು, ಹೊತ್ತು ಮರಳಿ ಬರುವುದಿಲ್ಲ. ನಮ್ಮ ನಾಲ್ಕು ಮನೆಗಳಲ್ಲಿಯೂ ಒಂಬತ್ತರಿಂದ ಹನ್ನೊಂದು ಎಂಬ ನಿಯಮವಿದೆ. ಪರೀಕ್ಷೆಯ ತಿಂಗಳಲ್ಲಿ ಅದೂ ಇಲ್ಲ. ಎರಡನೆಯದಾಗಿ, ಹಣ. ಆಟಕ್ಕೆ ಒಮ್ಮೆ ಬೆಲೆ ಕೊಟ್ಟು ಕೊಳ್ಳುವುದು ಬೇರೆ, ಆಟದಲ್ಲಿ ಪಣವನ್ನು ಒಡ್ಡುವುದು ಬೇರೆ. ಪಣದ ಗತಿಯೇನೆಂದು ಧರ್ಮರಾಯನನ್ನು ಕೇಳಿದರೆ ಸಾಕು. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಶಾಸನವೂ ಈ ಭೇದವನ್ನೇ ಮಾಡಿ, ಹಣವನ್ನು ಒಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಸ್ಪರ್ಧೆಯ ಆಟಗಳನ್ನು ಮಾನ್ಯಮಾಡಿತು. ಮೂರನೆಯದಾಗಿ, ಮಾತು. ಅಪರಿಚಿತರ ಬೈಗುಳವನ್ನು ಕೇಳಿ ಮಕ್ಕಳೂ ಅದನ್ನು ಕಲಿಯುವುದುಂಟು. ಚನ್ನರಾಯಪಟ್ಟಣದ ಹುಡುಗಿಯು ಇದಕ್ಕೆ ತಾನೇ ಒಂದು ಕಟ್ಟಳೆಯನ್ನು ಮಾಡಿರುವಳು: ತಂಡದಲ್ಲಿ ಹೊಸಬನನ್ನು ಬೈದವನು ಎಷ್ಟು ದೊಡ್ಡ ಗುರಿಗಾರನಾದರೂ ಹೊರಕ್ಕೆ. ಒಂದು ಸಲ ಹೀಗೆ ಒಳ್ಳೆಯ ನಾಯಕನೊಬ್ಬನನ್ನು ಕಳೆದುಕೊಂಡು ಆಟವನ್ನೂ ಸೋತರು. ಅವಳಿಗೆ ಬೇಸರವಾದಂತೆ ತೋರಲಿಲ್ಲ.

ಹೋದ ತಿಂಗಳು ನಡೆದುದನ್ನು ಹೇಳಿ ಮುಗಿಸುವೆನು. ತಂಡಕ್ಕೆ ಯಾವನೋ ಹೊಸಬನು ಬಂದಿದ್ದನು. ಧ್ವನಿಯಿಂದ ಕೇರಳದ ಕಡೆಯವನಂತೆ ತೋರಿತು. ಪೊದೆಯಲ್ಲಿ ಸದ್ದಾಯಿತು, ಹೊಡೆದನು. ಬಿದ್ದವನು ನಮ್ಮ ಅರಕಲಗೂಡಿನ ಹುಡುಗ. ಹೊಸಬನು ಗಾಬರಿಯಿಂದ ಕ್ಷಮಿಸಿ ಕ್ಷಮಿಸಿ ಎಂದು ಹತ್ತು ಸಲ ಹೇಳಿ, ತಾನು ಹೊರಟುಹೋಗುವೆನೆಂದನು. ಕಪ್ಪು ತೆರೆಯ ಹಿಂದಿನಿಂದ ಸೋದರಳಿಯನ ಧ್ವನಿ ಬಂದಿತು. ಅವನು ಪ್ರತ್ಯಾಹಾರವನ್ನು ಬಳಸಲಿಲ್ಲ. ಆ ಪರಕೀಯನಿಗೆ ಅದು ತಿಳಿಯದು. ಪೂರ್ಣವಾಕ್ಯವನ್ನೇ ಹೇಳಲು ಹೊರಟನು. ಮೊದಲನೆಯ ಪದದಲ್ಲಿ ನಿಂತನು, ಎರಡನೆಯದರಲ್ಲಿ ನಿಂತನು. ಹಾಸನದವನು, ಹೊಳೆನರಸೀಪುರದವನು, ಚನ್ನರಾಯಪಟ್ಟಣದವಳು, ಮೂವರೂ ಸುಮ್ಮನೆ ಕಾದರು. ಯಾರೂ ಪದವನ್ನು ತುಂಬಿಕೊಡಲಿಲ್ಲ. 'ಪರವಾಗಿಲ್ಲ, ನಾನು ಇಲ್ಲೇ ಇದ್ದೇನೆ. ಹೊಗೆ ಎಸೆದು ನಿಧಾನವಾಗಿ ಬಾ. ಮುಂದಿನ ಸಲ ನಕ್ಷೆಯನ್ನು ನೋಡು' ಎಂಬಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಲು ಅವನಿಗೆ ಅರ್ಧ ನಿಮಿಷವೇ ಹಿಡಿದಿರಬೇಕು. ಆ ಅರ್ಧ ನಿಮಿಷವೂ ಅವನು ಗುಂಡಿಯನ್ನು ಒತ್ತಲಿಲ್ಲ. ಹೊಸಬನು ಹೊಗೆಯನ್ನು ಎಸೆದು ತೆವಳಿಕೊಂಡು ಬಂದು ಅವನನ್ನು ಎಬ್ಬಿಸಿದನು.

ನಿಮ್ಮ ಮನೆಯಲ್ಲಿಯೂ ಇಂತಹ ಆಟವನ್ನು ಆಡುವವರಿದ್ದರೆ, ಬಾಗಿಲಿನಿಂದಲೇ ಗದರಿಸುವುದಕ್ಕೆ ಮೊದಲು ಒಂದು ದಿನ ಒಂದು ಕುರ್ಚಿಯನ್ನು ಹಾಕಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಆಟವು ಅರ್ಥವಾಗದಿದ್ದರೂ ಚಿಂತೆಯಿಲ್ಲ. ನಿಮ್ಮ ಮಗನು ಬಿದ್ದವನ ಬಳಿಗೆ ಹೇಗೆ ಹೋಗುವನು, ತಾನು ಬಿದ್ದಾಗ ಏನು ಮಾಡುವನು, ಹೊಸಬನೊಡನೆ ಯಾವ ಮಾತನ್ನು ಆಡುವನು, ಈ ಮೂರನ್ನು ನೋಡಿದರೆ ಸಾಕು. ಶಾಲೆಯ ಅಂಕಪಟ್ಟಿಯಲ್ಲಿ ಬಾರದ ಕೆಲವು ವಿಷಯಗಳು ಅಲ್ಲಿ ತಿಳಿದುಬರುವುವು. ಗಂಟೆ ಹನ್ನೊಂದಾದಾಗ ಯಂತ್ರವನ್ನು ಆರಿಸಲು ಹೇಳುವ ಅಧಿಕಾರವೂ ಪಕ್ಕದಲ್ಲಿ ಕುಳಿತವನಿಗೆ ಸ್ವಲ್ಪ ಹೆಚ್ಚಾಗಿಯೇ ಬರುವುದು.